ಬುಟ್ಟಿಯ ಕೆಳಗಿನ ಹೆಜ್ಜೆ

ಜತ್ತ ತಹಸೀಲ ಕಚೇರಿಯ ಹಿಂದಿನ ಕೋಣೆಯಲ್ಲಿ
ಹುಳು ತಿಂದು ಉಳಿದದ್ದು ಒಂದೂವರೆ ಹಾಳೆ.
ಮೋಡಿ ಲಿಪಿ. ಓದಲು ಸಾಂಗಲಿಯಿಂದ ಬಂದ ಮುದುಕರು
ಮೊದಲು ದುಡ್ಡು ಎಣಿಸಿ, ಆಮೇಲೆ ಕನ್ನಡಕ ಒರೆಸಿ
ಓದಿದರು: ಜಕಾಪಾ, ತಳವಾರ, ಮೌಜೆ ಬೋರಹಟ್ಟಿ.
ಮಾಗ ಕಳೆದ. ಅಯೋಗ್ಯ. ಕೆಲಸದಿಂದ ತೆಗೆದಿದೆ.

ಮಾಗ ಅಂದರೆ ಜಾಡು.
ಜಕ್ಕಪ್ಪನ ಹೆಸರಿನ ಎರಡೂ ಒತ್ತುಗಳನ್ನು
ಆ ಕಾರಕೂನ ತಾನೇ ಕಳೆದಿದ್ದ.

ಹದಿನಾರಕ್ಕೆ ಸಿಕ್ಕಿದ್ದು ಅಪ್ಪನ ಬಡಿಗೆ,
ಹಿತ್ತಾಳೆಯ ಬಿಲ್ಲೆ, ಸುಗ್ಗಿಗೆ ರಾಶಿಗೊಂದು ಮೊರ ಆಯ,
ಹಳ್ಳದ ದಂಡೆಗೆ ಎರಡು ಎಕರೆ ಮಸಾರಿ.
ಕುದುರೆ ಇಲ್ಲ. ಬಂದೂಕು ಇಲ್ಲ.
ಹೋದ ಕೆರವಿನ ಗುರುತು ನೋಡಿ
ಹೊಲಿದವನ ಹೆಸರು ಹೇಳುತ್ತಿದ್ದ.

ದೇಸಾಯರ ಜೋಡಿ ಹೋರಿ ಕಳುವಾದಾಗ
ಬೋರ ನದಿಯ ಉಸುಕಿನಲ್ಲಿ ಹೊತ್ತು ಮುಳುಗಿತು, ಗಾಳಿ ಎದ್ದಿತು.
ಒಂದೇ ಒಂದು ಹೆಜ್ಜೆಯ ಮೇಲೆ ಬುಟ್ಟಿ ಬೋರಲು ಹಾಕಿ
ಪಕ್ಕದಲ್ಲಿ ಕೂತ, ಕಂಬಳಿ ಹೊದ್ದು, ಬೆಳ್ಳಿ ಮೂಡುವ ತನಕ.
ಬೆಳಿಗ್ಗೆ ಜಾಡು ಗಡಿಕಲ್ಲು ದಾಟಿತು.
ಈಚೆ ಸಂಸ್ಥಾನ, ಆಚೆ ಇಂಗ್ರೇಜಿ ವಿಜಾಪುರ.
ಸೀಮೆಗೆ ಬಂದ ಹೆಜ್ಜೆಯನ್ನು ಆಚೆಯ ತಳವಾರ ಒಪ್ಪಿಕೊಳ್ಳಬೇಕು,
ಇಲ್ಲವೇ ಹೋರಿಯ ಬೆಲೆ ಕಟ್ಟಬೇಕು.
ಅವನು ಬಗ್ಗಿ ನೋಡಿ ಅಂದನಂತೆ: ಇದು ನಮ್ಮದಲ್ಲ.
ಜಕ್ಕಪ್ಪ: ಖರೆ, ನಿಂದಲ್ಲ, ನಿನ್ನ ಅಳಿಯಂದು.
ಎಡಗಾಲ ಕಿರಿಬೆರಳು ಮ್ಯಾಲೆ ಏರೇದ ನೋಡು.
ಊಟದ ಹೊತ್ತಿಗೆ ಹೋರಿ ಮನೆಗೆ ಬಂದವು.

ಇಂಥವನು ಜಾಡು ಕಳೆದ.

ಹೇಳಿದವಳು ನಮ್ಮ ಆಯಿ ಮಾಳವ್ವ,
ಎಲೆಅಡಿಕೆ ಕುಟ್ಟುತ್ತ, ಒಂಥರ ಸಿಟ್ಟಿನಲ್ಲಿ.
ಸೊಲ್ಲಾಪುರದ ಗಿರಣಿಗೆ ಹೋದ ಗಂಡನ ಸುದ್ದಿ ಇರಲಿಲ್ಲ.
ಸಾಹುಕಾರರ ಹಗೇವಿನ ಬಾಯಿ ತೆಗೆದಿದ್ದರು, ಕಾವು ಆರಲೆಂದು.
ನಡುರಾತ್ರಿ ಇಳಿದಳು. ಒಳಗೆ ಉಸಿರು ಕಟ್ಟುತ್ತಿತ್ತು.
ಉಡಿ ತುಂಬ ಜೋಳ ತಂದಳು.

ಮುಂಜಾನೆ ಪಂಚರ ಮುಂದೆ ಜಕ್ಕಪ್ಪ.
ಹಗೇವಿನಿಂದ ಬೇವಿನ ಮರ, ಬೇವಿನಿಂದ ತಿಪ್ಪೆ,
ತಿಪ್ಪೆಯಿಂದ ನಮ್ಮ ಹಿತ್ತಲ ಬೇಲಿ.
ಅಲ್ಲಿ ಕುಕ್ಕರಗಾಲಲ್ಲಿ ಕೂತ.
ಆಯಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.
ಹಿಮ್ಮಡಿಯ ಕುಳಿಯೊಳಗೆ ಎರಡು ಬೆರಳಿಟ್ಟು
ಆಳ ನೋಡಿದ. ತುಸು ತಡೆದು ಮತ್ತೆ ನೋಡಿದ.
ಉಡಿಯ ಭಾರ ಬೇರೆ, ಬಸಿರಿನ ಭಾರ ಬೇರೆ.
ಎದ್ದು, ಧೋತರ ಜಾಡಿಸಿ, ಪಂಚರಿಗೆ ಹೇಳಿದ:
ಕುರಿ ಹಿಂಡು ಹಾದದ. ಮುಂದ ಏನೂ ಕಾಣವಲ್ದು.

ಆಯ ಹೋಯಿತು, ಮಸಾರಿ ಹೋಯಿತು.
ಬಿಲ್ಲೆಯನ್ನು ಕಚೇರಿಯಲ್ಲಿಟ್ಟು
ಹದಿನೇಳು ಮೈಲಿ ನಡೆದು ಬಂದನಂತೆ.

ದೇವರಂಥಾ ಮನಿಶಾ, ಅಂದೆ ನಾನು.
ಎಲ್ಲಿ ದ್ಯಾವರೋ! ಮೂರನೇ ರಾತ್ರಿ ಬಂದು
ಎರಡು ಸೇರು ಇಸಕೊಂಡು ಹ್ವಾದ.
ಲಂಚ ಅಲ್ಲ ತಂಗಿ, ಆಯ, ಅಂದ.
ಹಸನ ಮಾಡದ ಕೊಟ್ಟೆ, ಹಳ್ಳ ಸಮೇತ.

ಮುಪ್ಪಿನಲ್ಲಿ ಅವನ ಕಣ್ಣಿಗೆ ಪೊರೆ ಬಂತು,
ವಿಜಾಪುರದ ರಸ್ತೆಗೆ ಡಾಂಬರು ಬಂತು.
ಅಂಚಿಗೆ ಕೂತು ಅಂಗೈಯಿಂದ ಸವರಿ
ಇದಕ್ಕ ಏನೂ ನೆನಪಿಲ್ಲ, ಅನ್ನುತ್ತಿದ್ದ.
ಹುಡುಗರು ನಗುತ್ತಿದ್ದರು. ನಾನೂ ನಕ್ಕಿರಬೇಕು.

ನಮ್ಮಪ್ಪ ಹುಟ್ಟಿದ್ದು ಎಲ್ಲೂ ಬರೆದಿಲ್ಲ.
ಮಾಸ್ತರು ಅಂದಾಜಿಗೆ ಜೂನ್ ಒಂದು ಅಂದಿದ್ದರು.
ಈ ಹಾಳೆಯಲ್ಲಿ ತಾರೀಖಿದೆ: ಮಾಘ, ಬಹುಳ ಪಂಚಮಿ.
ಬೆರಳು ಮಡಚಿ ಎಣಿಸಿದೆ. ಚೈತ್ರವೋ, ವೈಶಾಖವೋ.

ಮುದುಕರು ಕೇಳಿದರು, ನಕಲು ಬೇಕೇನು?
ಬೇಕು.
ಆ 'ಅಯೋಗ್ಯ'?
ಅದನ್ನೂ ಬರೀರಿ. ಹೆಸರಿಗೆ ಮಾತ್ರ
ಒತ್ತು ಹಾಕಿ, ಎರಡೂ.